ವಿಶ್ವಕೋಶವೂ ನವಾಗತ ಲೇಖಕರ ಶಿಕ್ಷಣವೂ

೧

ಶಾಸ್ತ್ರಗ್ರಂಥವನ್ನು ಆರಂಭಿಸುವಾಗ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲು ನಿರೂಪಿಸುವುದು ಭರತಖಂಡದ ಪಂಡಿತರ ಸಂಪ್ರದಾಯವು. ಇದಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಗ್ರಂಥದಲ್ಲಿ ಹೇಳುವುದೇನು, ಅದರ ಫಲವೇನು, ಫಲಕ್ಕೂ ಗ್ರಂಥಕ್ಕೂ ಇರುವ ನಂಟೇನು, ಅದನ್ನು ಓದಲು ತಕ್ಕವನಾರು ಎಂಬುದು ಗೊತ್ತಾದ ಬಳಿಕವೇ ವಾಚಕನು ಮುಂದಕ್ಕೆ ಹೋಗತಕ್ಕದ್ದು. ಇವುಗಳಲ್ಲಿ ಕಡೆಯದಾದ ಅಧಿಕಾರಿವಿಚಾರವು ಓದುವವನನ್ನು ಕುರಿತದ್ದು. ಬರೆಯುವವನ ಅಧಿಕಾರವನ್ನು ಕುರಿತು ಹಿಂದಿನವರು ಅಷ್ಟಾಗಿ ಚರ್ಚಿಸಲಿಲ್ಲ. ಬರೆಯುವವನು ಒಬ್ಬನೇ ಆಗಿದ್ದುದರಿಂದ ಅವನ ಗ್ರಂಥವೇ ಅವನ ಯೋಗ್ಯತೆಗೆ ಸಾಕ್ಷಿಯಾಗುತ್ತಿದ್ದಿತು. ಒಬ್ಬರ ಮುಖವನ್ನೊಬ್ಬರು ಕಾಣದ ಸಹಸ್ರಾರು ಮಂದಿ ಕೂಡಿ ಒಂದೇ ಗ್ರಂಥವನ್ನು ಬರೆಯುವ ಕಾಲವು ಬಂದಾಗ ಮಾತ್ರ, ಬರೆಯಲು ಅಧಿಕಾರಿ ಯಾರು, ಅಧಿಕಾರವಿಲ್ಲದವನನ್ನು ಅಧಿಕಾರಿಯನ್ನಾಗಿ ಮಾಡುವುದು ಹೇಗೆ ಎಂಬ ಪ್ರಶ್ನೆಗಳು ಎಲ್ಲಕ್ಕೂ ಮುಂದಾಗಿ ನಿಂತವು.

ಕನ್ನಡನಾಡಿನಲ್ಲಿ ಸರ್ವವಿಷಯಸಂಗ್ರಹಗಳಿಗೆ ಕೊರತೆಯಿರಲಿಲ್ಲ. ಎರಡನೆಯ ಚಾವುಂಡರಾಯನು ೧೧ನೆಯ ಶತಮಾನದಲ್ಲಿ ರಚಿಸಿದ ಲೋಕೋಪಕಾರದಲ್ಲಿ ಜ್ಯೋತಿಷ, ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಪಾಕ, ವೈದ್ಯ ಮೊದಲಾದ ವಿಷಯಗಳುಂಟು. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸವು ಐದು ವಿಂಶತಿಗಳ ನೂರು ಅಧ್ಯಾಯಗಳಲ್ಲಿ ರಾಜ್ಯತಂತ್ರ ಮೊದಲ್ಗೊಂಡು ಭೋಜನ, ಸಂಗೀತ, ಕ್ರೀಡೆಗಳವರೆಗೆ ವಿಸ್ತರಿಸಿದೆ. ಕೆಳದಿಯ ಬಸವರಾಜನ ಶಿವತತ್ತ್ವರತ್ನಾಕರವು ೧೭೦೯ನೆಯ ಇಸವಿಯದು. ಈ ಗ್ರಂಥಗಳ ಹಿಂದೆ ಪಂಡಿತರ ನೆರವು ಎಷ್ಟೇ ಇದ್ದಿರಲಿ, ಗ್ರಂಥಕ್ಕೆ ಕರ್ತೃವೆಂಬವನು ಒಬ್ಬನೇ. ಲೋಕದಲ್ಲಿ ತಿಳಿಯಬೇಕಾದುದೆಲ್ಲವೂ ಒಬ್ಬ ಅರಸನ ಮನಸ್ಸಿನಲ್ಲಿ ಹಿಡಿಯುತ್ತಿದ್ದ ಕಾಲವದು. ತಿಳಿಯಬೇಕಾದುದು ಬೆಳೆದು, ಒಬ್ಬನ ಆಯುಷ್ಯಕ್ಕೂ ಒಂದು ಮಂಡಲಿಯ ಶಕ್ತಿಗೂ ಮೀರಿದಾಗ, ಪಂಡಿತರು ಸಾಮಾನ್ಯ ಜನರ ನೆರವನ್ನು ಬೇಡಬೇಕಾಯಿತು. ಹಾಗೆ ಬೇಡಿದವರಲ್ಲಿ ಪ್ರಸಿದ್ಧರಾದವರು ಇಂಗ್ಲಿಷು ಭಾಷೆಯ ನಿಘಂಟುಕಾರರು.

೨

ಲಂಡನ್ನಿನ ಭಾಷಾಶಾಸ್ತ್ರ ಸಂಘದಲ್ಲಿ ೧೮೫೭ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ರಿಚರ್ಡ್ ಚೆನೆವಿಕ್ಸ್ ಟ್ರೆಂಚ್ ಎಂಬ ಪಾದ್ರಿಯು ಅಂದಿನ ಇಂಗ್ಲಿಷು ನಿಘಂಟುಗಳ ನ್ಯೂನತೆಗಳನ್ನು ಕುರಿತು ಎರಡು ಉಪನ್ಯಾಸಗಳನ್ನು ಮಾಡಿದನು. ಒಂದೊಂದು ಶಬ್ದದ ಜನ್ಮವನ್ನೂ ಬೆಳವಣಿಗೆಯನ್ನೂ ಗ್ರಂಥಪ್ರಯೋಗಗಳಿಂದ ತೋರಿಸಬೇಕಾದರೆ ಇಂಗ್ಲಿಷು ಸಾಹಿತ್ಯವೆಲ್ಲವನ್ನೂ ಓದಬೇಕು. ಅದು ಒಬ್ಬಿಬ್ಬರಿಂದ ಆಗತಕ್ಕ ಕೆಲಸವಲ್ಲ. ಆದುದರಿಂದ ಓದುಬಲ್ಲ ಗೃಹಸ್ಥರೆಲ್ಲರೂ ಪಾಲುಗೊಳ್ಳಬೇಕು ಎಂಬುದು ಅವನ ಅಭಿಪ್ರಾಯದ ಸಾರವು. ಜನರು ಮುಂದೆ ಬಂದರು. ಮೊದಲ ಸಂಪಾದಕನಾದ ಹರ್ಬರ್ಟ್ ಕೋಲ್‌ರಿಜ್ ಚೀಟಿಗಳನ್ನು ವಿಂಗಡಿಸುವುದಕ್ಕೆ ೫೪ ಗೂಡುಗಳ ಒಂದು ಹಲಗೆಯ ಕಪಾಟನ್ನು ಮಾಡಿಸಿಕೊಂಡಿದ್ದನು. ಆದರೆ ೧೮೬೧ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿಯೇ, ಕ್ಷಯರೋಗದಿಂದ ತೀರಿಕೊಂಡನು. ಅವನ ತರುವಾಯ ಬಂದ ಫರ್ನಿವಾಲನಲ್ಲಿ ಉತ್ಸಾಹವು ವಿಶೇಷವಾಗಿದ್ದಿತು, ವ್ಯವಸ್ಥೆಯು ಕಡಮೆಯಾಗಿದ್ದಿತು. ಕೆಲಸವನ್ನು ಹಂಚಿಕೊಟ್ಟವರ ಕಡೆಗೆ ಆಗಾಗ್ಗೆ ತಿರುಗಿ ನೋಡದೆ ಹೋದುದರಿಂದ ಎಷ್ಟೋ ಮಂದಿ ಸುಮ್ಮನಾದರು. ಎಚ್ ಅಕ್ಷರದ ಚೀಟಿಗಳು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಉಳಿದವು. ಪಿ ಅಕ್ಷರದ ಒಂದು ಭಾಗವು ಐರ್ಲೆಂಡಿನ ಒಂದು ಲಾಯದಲ್ಲಿ ಬಿದ್ದಿದ್ದು, ಅದರಲ್ಲಿ ಕೆಲವು ಬೆಂಕಿ ಹೊತ್ತಿಸಲು ಉಪಯೋಗವಾಗಿದ್ದವು.

೧೮೭೯ರಲ್ಲಿ ಈ ಭಾರವನ್ನು ಹೊತ್ತ ಜೇಮ್ಸ್ ಮರೆಯು ಒಬ್ಬ ಉಪಾಧ್ಯಾಯನು. ಸ್ಕಾಟ್ಲೆಂಡಿನ ಹಳ್ಳಿಯೊಂದರ ದರ್ಜಿಯ ಮಗನಾಗಿ ೧೮೩೭ರಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು, ತಾನಾಗಿ ಅನೇಕ ಭಾಷೆಗಳನ್ನು ಕಲಿತು, ಲಂಡನ್ನಿನ ಬಳಿಯ ಮಿಲ್ ಹಿಲ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದನು. ಆ ವರ್ಷದ ಏಪ್ರಿಲಿನಲ್ಲಿ ಅವನು ಇಂಗ್ಲಿಷು ಓದುವ ಜನರಿಗೆಲ್ಲ ಒಂದು ವಿಜ್ಞಾಪನೆಯನ್ನು ಅಚ್ಚುಮಾಡಿ ಹಂಚಿದನು. ಮೂರು ವರ್ಷಗಳ ಮಟ್ಟಿಗೆ ಸಾವಿರ ಮಂದಿ ಓದುಗರು ಬೇಕೆಂಬುದು ಅದರ ಬೇಡಿಕೆ. ವಿಜ್ಞಾಪನೆಯೊಡನೆ ಓದುವ ಕ್ರಮವನ್ನೂ ವಿಧಿಸಿದ್ದನು. ಶಬ್ದವನ್ನು ಚೀಟಿಯ ಎಡಮೇಲ್ತುದಿಯಲ್ಲಿ ಬರೆಯತಕ್ಕದ್ದು. ಅದರ ಕೆಳಗೆ ಇಸವಿ, ಗ್ರಂಥಕರ್ತನ ಹೆಸರು, ಗ್ರಂಥದ ಹೆಸರು, ಪುಟ. ಅನಂತರ ಪ್ರಯೋಗವಾಕ್ಯವು ಲೋಪವಿಲ್ಲದೆ ಇರತಕ್ಕದ್ದು. ಹೀಗೆ ಬರೆದ ಚೀಟಿಯು ಯಾವ ದೇಶದಿಂದ ಬಂದರೂ, ಯಾರ ಕೈಬರಹವಾಗಿದ್ದರೂ, ತನ್ನ ಗೂಡಿಗೆ ತಾನೇ ಹೋಗಿ ಸೇರುವಂತಿದ್ದಿತು.

ಆದರೂ ಉಪದೇಶದಲ್ಲಿ ಒಂದು ದೋಷವು ಮೊದಲಿನಿಂದಲೂ ಉಳಿದುಬಂದಿದ್ದಿತು. ಅಪೂರ್ವವಾಗಿಯೋ ಹಳೆಯದಾಗಿಯೋ ವಿಚಿತ್ರವಾಗಿಯೋ ಕಾಣುವ ಶಬ್ದಗಳನ್ನು ಆಯ್ದು ಕಳುಹಿಸಬೇಕೆಂದು ಓದುಗರಿಗೆ ಹೇಳಿದ್ದರು. ಅವರು ಹೇಳಿದುದನ್ನೇ ಮಾಡಿದರು. ಫಲವಾಗಿ, ‘ಅಬ್ಯೂಷನ್’ ಎಂಬ ಬಳಕೆ ತಪ್ಪಿದ ಶಬ್ದಕ್ಕೆ ಐವತ್ತರಷ್ಟು ಪ್ರಯೋಗಗಳು ಬಂದಿದ್ದರೆ, ದಿನಬಳಕೆಯ ‘ಅಬ್ಯೂಸ್’ ಎಂಬ ಶಬ್ದಕ್ಕೆ ಐದು ಸಹ ಇರಲಿಲ್ಲ. ಮರೆಯು ಇದನ್ನು ಕಂಡು ಓದುಗರನ್ನು ಬೈಯಲಿಲ್ಲ, ಉಪದೇಶವನ್ನು ತಿದ್ದಿದನು. ಸಾಮಾನ್ಯ ಶಬ್ದಗಳಿಗೂ, ಅವುಗಳ ಅರ್ಥವು ಸಂದರ್ಭದಿಂದಲೇ ಹೊಳೆಯುವಂತಿದ್ದ ಕಡೆಯಲ್ಲೆಲ್ಲ, ಆದಷ್ಟು ಪ್ರಯೋಗಗಳನ್ನು ಬರೆಯಿರೆಂದು ಹೊಸ ಸೂಚನೆಯಲ್ಲಿ ಸೇರಿಸಿದನು. ಶಿಷ್ಯರೆಲ್ಲರೂ ಒಂದೇ ಬಗೆಯಲ್ಲಿ ತಪ್ಪಿದರೆ ತಪ್ಪಿರುವುದು ಪಾಠದಲ್ಲಿ ಎಂಬುದನ್ನು ಅರಿಯಲು ಅವನು ಉಪಾಧ್ಯಾಯನಾಗಿದ್ದುದು ಸಹಾಯವಾಗಿರಬೇಕು.

ಈ ಕಾರ್ಯದಲ್ಲಿ ಪಾಲುಗೊಂಡವರ ಯೋಗ್ಯತೆಯನ್ನು ಮುಂಚಿತವಾಗಿ ಪರೀಕ್ಷಿಸಿದ್ದರೆ ಮುಖ್ಯರಾದವರೇ ಹೊರಗುಳಿಯುತ್ತಿದ್ದರು. ವಿಲಿಯಂ ಚೆಸ್ಟರ್ ಮೈನರ್ ಎಂಬ ಅಮೆರಿಕದ ಸೇನಾವೈದ್ಯನು ಚಿತ್ತಭ್ರಮೆಯಲ್ಲಿ ಒಬ್ಬನನ್ನು ಕೊಂದು, ಬ್ರಾಡ್‌ಮೂರಿನ ಹುಚ್ಚಾಸ್ಪತ್ರೆಯಲ್ಲಿ ಬಂಧಿತನಾಗಿದ್ದನು. ಅವನು ತನ್ನ ಕೋಣೆಯ ಹಳೆಯ ಪುಸ್ತಕಗಳಿಗೆ ಶಬ್ದಸೂಚಿಗಳನ್ನು ಮಾಡಿಟ್ಟುಕೊಂಡು, ಸಂಪಾದಕರಿಗೆ ಆ ಹೊತ್ತಿಗೆ ಬೇಕಾದ ಶಬ್ದಗಳು ಯಾವುವೆಂದು ಕೇಳಿ ಕೇಳಿ ಅವುಗಳನ್ನೇ ಒದಗಿಸಿದನು. ಇನ್ನೊಬ್ಬನಾದ ಫಿಟ್ಸ್‌ಎಡ್ವರ್ಡ್ ಹಾಲನ ಹೆಸರು ಸಂಸ್ಕೃತಜ್ಞರಿಗೆ ಅಪರಿಚಿತವಲ್ಲ. ಅಮೆರಿಕದಲ್ಲಿ ಹುಟ್ಟಿದ ಈತನು ೧೮೪೬ರಲ್ಲಿ ಗಂಗಾಮುಖದಲ್ಲಿ ಹಡಗು ಒಡೆದು ಭರತಖಂಡವನ್ನು ಸೇರಿ, ಕಾಶಿಯ ಸಂಸ್ಕೃತ ಕಾಲೇಜಿನಲ್ಲಿ ಅಧ್ಯಾಪಕನಾಗಿ, ಸಾಂಖ್ಯಪ್ರವಚನಭಾಷ್ಯ, ಸೂರ್ಯಸಿದ್ಧಾಂತ ಮೊದಲಾದುವನ್ನು ಪರಿಷ್ಕರಿಸಿ ಅಚ್ಚುಮಾಡಿಸಿದವನು. ಇಂಗ್ಲೆಂಡಿಗೆ ಹೋದಮೇಲೆ ವಿದ್ವಾಂಸರೊಡನೆ ಕಲಹವಾಗಿ ಒಂದು ಹಳ್ಳಿಯನ್ನು ಸೇರಿ ಏಕಾಂತವಾಸದಲ್ಲಿದ್ದ ಅವನು, ೧೯೦೧ರಲ್ಲಿ ಮರಣ ಹೊಂದುವವರೆಗೂ, ಸುಮಾರು ಇಪ್ಪತ್ತು ವರ್ಷ ಪ್ರತಿದಿನವೂ ನಿಘಂಟಿನ ಕರಡಚ್ಚುಗಳನ್ನು ಓದಿ ತಿದ್ದಿ ಕಳುಹಿಸಿದನು. ಮರೆಯು ಇಂತಹವರಿಗೆಲ್ಲ ದಿನದಿನವೂ ಸ್ವಹಸ್ತದಿಂದ ಪತ್ರಗಳನ್ನು ಬರೆಯುತ್ತಿದ್ದನು. ನಿಘಂಟಿನ ಮೊದಲ ಭಾಗವು ೧೮೮೪ರಲ್ಲಿ ಹೊರಟಿತು. ಮರೆಯು ೧೯೧೫ರಲ್ಲಿ ಕಾಲವಾದನು. ಗ್ರಂಥವು ೪,೧೪,೮೨೫ ಶಬ್ದಗಳೊಡನೆ ೧೯೨೮ರಲ್ಲಿ ಮುಗಿಯಿತು. ಅಚ್ಚಾದ ಪ್ರಯೋಗವಾಕ್ಯಗಳು ೧೮,೨೭,೩೦೬.

೩

ಅದಾದ ಎಪ್ಪತ್ತು ವರ್ಷಗಳ ಮೇಲೆ, ಗಣಕಯಂತ್ರಗಳೂ ಅಂತರಜಾಲವೂ ಲೋಕವನ್ನು ವ್ಯಾಪಿಸಿದಾಗ, ಅದೇ ಪ್ರಶ್ನೆಯು ಬೇರೊಂದು ರೂಪದಲ್ಲಿ ಎದ್ದಿತು. ೨೦೦೦ದ ಮಾರ್ಚಿಯಲ್ಲಿ ಅಮೆರಿಕದ ಜಿಮ್ಮಿ ವೇಲ್ಸ್ ಎಂಬ ಉದ್ಯಮಿಯು ನೂಪೀಡಿಯ ಎಂಬ ವಿಶ್ವಕೋಶವನ್ನು ಅಂತರಜಾಲದಲ್ಲಿ ಪ್ರಾರಂಭಿಸಿದನು. ಪ್ರಧಾನ ಸಂಪಾದಕನು ತತ್ತ್ವಶಾಸ್ತ್ರದಲ್ಲಿ ಪಂಡಿತನಾದ ಲ್ಯಾರಿ ಸ್ಯಾಂಗರ್. ಅಲ್ಲಿ ಅಧಿಕಾರಿನಿರ್ಣಯವು ಬಲು ಕಟ್ಟುನಿಟ್ಟು. ಲೇಖಕರು ಆಯಾ ವಿಷಯಗಳಲ್ಲಿ ಪರಿಣತರಾಗಿರಬೇಕು. ವಿಷಯವನ್ನು ಒಪ್ಪಿಸುವುದು ಮೊದಲ್ಗೊಂಡು, ವಿಮರ್ಶಕನನ್ನು ಹುಡುಕುವುದು, ಅವನ ವಿಮರ್ಶೆ, ಬಹಿರಂಗ ವಿಮರ್ಶೆ, ಎರಡು ಸಲದ ಭಾಷಾಪರಿಷ್ಕಾರ, ಕಡೆಯ ಒಪ್ಪಿಗೆ ಎಂದು ಏಳು ಮೆಟ್ಟಿಲುಗಳನ್ನು ಲೇಖನವು ಹತ್ತಬೇಕು. ಲೇಖನಗಳೇನೋ ಒಳ್ಳೆಯವೇ ಬಂದವು. ಆದರೆ ೨೦೦೩ರಲ್ಲಿ ಅದು ಮುಚ್ಚುವ ಹೊತ್ತಿಗೆ ಏಳೂ ಮೆಟ್ಟಿಲುಗಳನ್ನು ದಾಟಿದ್ದವು ಇಪ್ಪತ್ತೈದರ ಆಸುಪಾಸು ಮಾತ್ರ.

ಈ ವಿಳಂಬಕ್ಕೆ ಪರಿಹಾರವಾಗಿ ಒದಗಿದುದು ‘ವಿಕಿ’ ಎಂಬ ಏರ್ಪಾಡು. ಹವಾಯಿ ದ್ವೀಪದವರ ಭಾಷೆಯಲ್ಲಿ ಈ ಶಬ್ದಕ್ಕೆ ಶೀಘ್ರವೆಂದು ಅರ್ಥ. ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವನು ೧೯೯೫ರಲ್ಲಿ ಇದನ್ನು ಬಳಕೆಗೆ ತಂದನು. ಓದುವವನೇ ಪುಟವನ್ನು ತೆರೆದು ತಿದ್ದಬಹುದು. ತಿದ್ದಿದುದು ಆ ಕ್ಷಣವೇ ಎಲ್ಲರಿಗೂ ಕಾಣುತ್ತದೆ. ಹಳೆಯ ಪಾಠಗಳೆಲ್ಲವೂ ಉಳಿದಿರುವುದರಿಂದ ಕೆಟ್ಟುದನ್ನು ಮತ್ತೆ ಸರಿಪಡಿಸುವುದು ಸುಲಭ. ನೂಪೀಡಿಯಕ್ಕೆ ಸಾಮಗ್ರಿಯನ್ನು ಒದಗಿಸುವ ಉಪಶಾಖೆಯೆಂದು ೨೦೦೧ನೆಯ ಜನವರಿ ೧೫ರಂದು ವಿಕಿಪೀಡಿಯವು ಹುಟ್ಟಿತು. ಆ ವರ್ಷವು ಮುಗಿಯುವುದರೊಳಗೆ ಅದರಲ್ಲಿ ಸುಮಾರು ಇಪ್ಪತ್ತು ಸಾವಿರ ಲೇಖನಗಳಾಗಿದ್ದವು. ಉಪಶಾಖೆಯು ಮರವಾಯಿತು, ಮೂಲವು ಒಣಗಿತು.

ಮೊದಲು ಅಧಿಕಾರ, ಅನಂತರ ಬರಹ ಎಂಬುದು ನೂಪೀಡಿಯದ ಮತ. ಮೊದಲು ಬರಹ, ಬರೆಯುತ್ತ ಬರೆಯುತ್ತ ಅಧಿಕಾರ ಎಂಬುದು ವಿಕಿಪೀಡಿಯದ ಮತ. ಹಾಗೆಂದು ಅಲ್ಲಿ ನಿಯಮಗಳಿರಲಿಲ್ಲವೆಂದು ತಿಳಿಯತಕ್ಕದ್ದಲ್ಲ. ಅವುಗಳಲ್ಲಿ ಎರಡನ್ನು ಸಂಸ್ಕೃತ ವಿದ್ಯಾರ್ಥಿಗಳು ಸುಲಭವಾಗಿ ಗುರುತಿಸಬಲ್ಲರು. ಒಂದು, ಹೇಳಿದ ಸಂಗತಿಗೆ ಪ್ರಕಟವಾದ ಆಧಾರವಿರಬೇಕು, ಲೇಖಕನು ತನ್ನ ಸ್ವಂತ ಸಂಶೋಧನೆಯನ್ನು ಅಲ್ಲಿ ತುಂಬಬಾರದು ಎಂಬುದು. ಮೂಲವಿಲ್ಲದುದನ್ನು ಬರೆಯುವುದಿಲ್ಲವೆಂದು ವ್ಯಾಖ್ಯಾನಕಾರ ಮಲ್ಲಿನಾಥನು ಮಾಡಿದ ಪ್ರತಿಜ್ಞೆಯೂ ಇದೇ. ಇನ್ನೊಂದು, ವಿವಾದವಿರುವಲ್ಲಿ ಪಕ್ಷಪಾತವಿಲ್ಲದೆ, ಒಂದೊಂದು ಪಕ್ಷವನ್ನೂ ಅದರವರು ಒಪ್ಪುವಂತೆ ನಿರೂಪಿಸಬೇಕು ಎಂಬುದು. ಶಾಸ್ತ್ರಕಾರರು ಪೂರ್ವಪಕ್ಷವನ್ನು ಬಲವಾಗಿ ಮಂಡಿಸಿ ಬಳಿಕ ಸಿದ್ಧಾಂತವನ್ನು ಹೇಳುವರು. ಇಲ್ಲಿ ಪಕ್ಷಗಳನ್ನು ಮಂಡಿಸುವುದಷ್ಟೇ ಲೇಖಕನ ಕೆಲಸ, ಸಿದ್ಧಾಂತವು ವಾಚಕನಿಗೆ ಬಿಟ್ಟದ್ದು.

ಮೊದಲ ವರ್ಷಗಳಲ್ಲಿ ಹೊಸಬರಿಗೆ ಕೊಡುತ್ತಿದ್ದ ಉಪದೇಶವು ಸಂಕ್ಷಿಪ್ತವಾಗಿದ್ದಿತು. ಧೈರ್ಯವಾಗಿ ತಿದ್ದಿರಿ, ನಿಯಮಗಳು ನಿಮ್ಮ ಒಳ್ಳೆಯ ಕೆಲಸಕ್ಕೆ ಅಡ್ಡಬಂದರೆ ಅವುಗಳನ್ನು ಬದಿಗಿಡಿರಿ, ಇನ್ನೊಬ್ಬನು ಸದುದ್ದೇಶದಿಂದಲೇ ತಿದ್ದಿದನೆಂದು ಭಾವಿಸಿರಿ ಎಂದು ಇಷ್ಟೇ. ಹಳಬರನ್ನು ಉದ್ದೇಶಿಸಿ, ಹೊಸಬರನ್ನು ಕಚ್ಚಬೇಡಿರೆಂಬ ಒಂದು ಸೂತ್ರವೂ ಹುಟ್ಟಿತು. ಲೇಖನಕ್ಕೆ ಸೇರಿದಂತೆ ಒಂದು ಚರ್ಚೆಯ ಪುಟ, ಸದಸ್ಯನಾದವನಿಗೆ ತಪ್ಪುಮಾಡಿ ಕಲಿಯುವುದಕ್ಕೆ ಒಂದು ಪ್ರಯೋಗಪುಟ, ಇವು ಮರಳಿನ ಮೇಲೆ ಅಕ್ಷರ ತಿದ್ದುವ ಹಳೆಯ ಪದ್ಧತಿಯನ್ನು ನೆನಪಿಗೆ ತರುತ್ತವೆ. ಬಂದವರ ಸಂಖ್ಯೆಯು ಕಡಮೆಯಾಗಿದ್ದುದರಿಂದ ಒಬ್ಬೊಬ್ಬ ಹೊಸಬನನ್ನೂ ಯಾರಾದರೊಬ್ಬ ಹಳಬನು ಮಾತನಾಡಿಸುವುದು ಸಾಧ್ಯವಾಗಿದ್ದಿತು.

೪

ಈ ಸ್ಥಿತಿಯು ಬಹುಕಾಲ ಉಳಿಯಲಿಲ್ಲ. ೨೦೦೫ನೆಯ ಮೇ ತಿಂಗಳಲ್ಲಿ ಜಾನ್ ಸೀಗೆಂಥಾಲರ್ ಎಂಬ ಅಮೆರಿಕದ ವೃದ್ಧ ಪತ್ರಕರ್ತನ ಚರಿತ್ರೆಯಲ್ಲಿ, ಅವನಿಗೆ ಕೆನಡಿ ಸಹೋದರರ ಕೊಲೆಗಳಲ್ಲಿ ಕೈವಾಡವಿದ್ದೀತೆಂಬ ಶುದ್ಧ ಸುಳ್ಳನ್ನು ಯಾರೋ ತಮಾಷೆಗೆಂದು ಬರೆದರು. ನಾಲ್ಕು ತಿಂಗಳಿಗೂ ಮೇಲ್ಪಟ್ಟು ಅದು ಯಾರ ಕಣ್ಣಿಗೂ ಬೀಳಲಿಲ್ಲ. ನವೆಂಬರಿನಲ್ಲಿ ಸೀಗೆಂಥಾಲರನು ಪತ್ರಿಕೆಯೊಂದರಲ್ಲಿ ಈ ಸಂಗತಿಯನ್ನು ಬಯಲುಮಾಡಿದಾಗ ವಿಶ್ವಕೋಶದ ಮಾನವು ಬಹಳ ಕುಂದಿತು. ಡಿಸೆಂಬರಿನಿಂದ, ಇಂಗ್ಲಿಷು ವಿಕಿಪೀಡಿಯದಲ್ಲಿ ಹೆಸರನ್ನು ನೋಂದಾಯಿಸದವರು ಹೊಸ ಲೇಖನವನ್ನು ಆರಂಭಿಸಕೂಡದೆಂದು ವಿಧಿಸಿದರು. ಆಧಾರಗಳನ್ನು ಕೊಡಲೇಬೇಕೆಂಬ ಒತ್ತಾಯವು ಬಲವಾಯಿತು. ಬರೆಯುವವರೂ ಕೆಡಿಸುವವರೂ ಲಕ್ಷಗಟ್ಟಲೆಯಾಗಿ ಬಂದುದರಿಂದ, ಕೆಟ್ಟ ತಿದ್ದುಗಳನ್ನು ಕ್ಷಣಮಾತ್ರದಲ್ಲಿ ಅಳಿಸಿಹಾಕುವ ಯಂತ್ರಸಾಧನಗಳನ್ನು ೨೦೦೭ರಿಂದೀಚೆಗೆ ಹೆಚ್ಚು ಹೆಚ್ಚಾಗಿ ಉಪಯೋಗಿಸಿದರು. ಇವೆಲ್ಲವೂ ಅವಶ್ಯಕವಾಗಿಯೇ ಇದ್ದವು. ಬಾಳುವ ಮನುಷ್ಯರ ಹೆಸರನ್ನು ಕೆಡಿಸುವ ಗ್ರಂಥವನ್ನು ಯಾರು ತಾನೆ ಮೆಚ್ಚಿಯಾರು?

ಆದರೆ ಯಂತ್ರಕ್ಕೆ ದುಷ್ಟನೂ ಅಜ್ಞನೂ ಒಂದೇ ಬಗೆಯಾಗಿ ಕಾಣುವರು. ತನ್ನೂರಿನ ವಿಷಯವಾಗಿ ಆಧಾರ ಕೊಡದೆ ನಾಲ್ಕು ಸಾಲನ್ನು ಬರೆದ ಸಜ್ಜನನ ಬರಹವೂ, ಪುಟದ ಮೇಲೆ ಬೈಗುಳನ್ನು ಬರೆದ ಪುಂಡನ ಬರಹವೂ ಒಂದೇ ಕೈಯಿಂದ ಅಳಿಸಿಹೋದವು. ಇಬ್ಬರಿಗೂ ಬಂದ ಎಚ್ಚರಿಕೆಯ ಮಾತುಗಳು ಮೊದಲೇ ಅಚ್ಚಿನಲ್ಲಿ ಹೊಯ್ದಿಟ್ಟಂತಹವು. ಸಂಸ್ಕೃತದಲ್ಲಿ ಶಿಕ್ಷಾ ಎಂದರೆ ಕಲಿಸುವುದು. ಕನ್ನಡದ ಬಳಕೆಯಲ್ಲಿ ಶಿಕ್ಷೆಯೆಂದರೆ ದಂಡನೆ. ವಿಕಿಪೀಡಿಯಕ್ಕೆ ಹೊಸದಾಗಿ ಬಂದವರು ಮೊದಲನೆಯದನ್ನು ಬಯಸಿ ಎರಡನೆಯದನ್ನು ಪಡೆದರು.

ಫಲವು ಅಂಕೆಗಳಲ್ಲಿ ಕಾಣಿಸಿಕೊಂಡಿತು. ತಿಂಗಳಿಗೆ ಐದು ಸಲವಾದರೂ ತಿದ್ದುವವರನ್ನು ಅಲ್ಲಿ ಸಕ್ರಿಯ ಸಂಪಾದಕರೆಂದು ಎಣಿಸುವರು. ಇಂಗ್ಲಿಷು ವಿಕಿಪೀಡಿಯದಲ್ಲಿ ೨೦೦೭ರಲ್ಲಿ ಐವತ್ತು ಸಾವಿರವನ್ನು ಮೀರಿದ್ದ ಇವರ ಸಂಖ್ಯೆಯು ೨೦೧೩ರ ವೇಳೆಗೆ ಸುಮಾರು ಮೂವತ್ತೊಂದು ಸಾವಿರಕ್ಕೆ ಇಳಿದಿದ್ದಿತು. ಹಳಬರು ಹಿಂದಿಗಿಂತ ಬೇಗನೆ ಬಿಟ್ಟುಹೋದರೆ? ಆರನ್ ಹಾಫೇಕರನೂ ಅವನ ಸಂಗಡಿಗರೂ ೨೦೧೩ರಲ್ಲಿ ಪ್ರಕಟಿಸಿದ ವಿಮರ್ಶೆಯು ಇದಕ್ಕೆ ಬೇರೆ ಉತ್ತರವನ್ನು ಕೊಟ್ಟಿತು. ಸದುದ್ದೇಶದಿಂದ ಬಂದ ಹೊಸಬರೇ ನಿಲ್ಲದೆ ಹೋಗುತ್ತಿದ್ದರು. ಅವರ ಮೊದಲ ಬರಹಗಳು ತಿರಸ್ಕೃತವಾಗುವುದು ಹೆಚ್ಚಿದ್ದಿತು. ತಿರಸ್ಕಾರದಲ್ಲಿ ಯಂತ್ರಸಾಧನಗಳ ಪಾತ್ರವು ದೊಡ್ಡದಾಗಿದ್ದಿತು. ನಿಯಮಗಳು ಗಟ್ಟಿಯಾಗಿ ಹೆಪ್ಪುಗಟ್ಟಿ, ಹೊಸಬರು ಅವುಗಳನ್ನು ಬದಲಾಯಿಸುವುದು ಅಸಾಧ್ಯವಾಗಿದ್ದಿತು. ಗುಣವನ್ನು ಕಾಪಾಡಲು ಕಟ್ಟಿದ ಬೇಲಿಯೇ ಬೆಳೆಯನ್ನು ತಡೆದಿತೆಂಬುದು ಆ ವಿಮರ್ಶೆಯ ತಾತ್ಪರ್ಯವು.

೫

ಇದಕ್ಕೆ ಮಾಡಿದ ಚಿಕಿತ್ಸೆಗಳಲ್ಲಿ ಕೆಲವನ್ನು ಇಲ್ಲಿ ವಿಚಾರಿಸಬಹುದು. ೨೦೧೨ರ ಫೆಬ್ರವರಿಯಲ್ಲಿ ಇಂಗ್ಲಿಷು ವಿಕಿಪೀಡಿಯದಲ್ಲಿ ‘ಟೀಹೌಸ್’ ಎಂಬ ಒಂದು ಸ್ಥಾನವನ್ನು ಏರ್ಪಡಿಸಿದರು. ಹೊಸಬನು ಅಲ್ಲಿಗೆ ಬಂದು ಎಷ್ಟೇ ಸಣ್ಣ ಪ್ರಶ್ನೆಯನ್ನು ಕೇಳಿದರೂ, ಅತಿಥೇಯರೆನಿಸಿಕೊಂಡ ಅನುಭವಿಗಳು ಸೌಜನ್ಯದಿಂದ, ಸಾಮಾನ್ಯರ ಮಾತಿನಲ್ಲಿ, ಉತ್ತರ ಹೇಳುವರು. ನಿಯಮದ ಸಂಖ್ಯೆಯನ್ನು ತೋರಿಸಿ ಸುಮ್ಮನಾಗುವುದು ಅಲ್ಲಿ ಸಭ್ಯತೆಯಲ್ಲ. ಮಾರನೆಯ ವರ್ಷ ‘ವಿಕಿಪೀಡಿಯ ಅಡ್ವೆಂಚರ್’ ಎಂಬ ಆಟದ ರೂಪದ ಪಾಠಮಾಲೆಯೂ ಸಿದ್ಧವಾಯಿತು. ಇದು ನೋಡುವುದಕ್ಕೆ ಚೆಲುವಾಗಿದ್ದಿತು, ಆಡಿದವರು ಮೆಚ್ಚಿಕೊಂಡರು.

ಈ ಎರಡನ್ನೂ ಮುಂದೆ ವಿದ್ವಾಂಸರು ಪರೀಕ್ಷೆಗೊಳಪಡಿಸಿದರು. ೨೦೧೭ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಆಟಕ್ಕೆ ಆಹ್ವಾನ ಪಡೆದವರು ಪಡೆಯದವರಿಗಿಂತ ಹೆಚ್ಚಾಗಿ ಬರೆದುದು ಕಂಡುಬರಲಿಲ್ಲ. ೨೦೧೮ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಟೀಹೌಸಿಗೆ ಆಹ್ವಾನ ಪಡೆದವರು ಹೆಚ್ಚು ಕಾಲ ನಿಂತುದು ಕಂಡುಬಂದಿತು. ಒಂದರಲ್ಲಿ ಪಾಠವಿದ್ದಿತು, ಗುರುವಿರಲಿಲ್ಲ. ಇನ್ನೊಂದರಲ್ಲಿ ಪಾಠವೆಂಬುದಿರಲಿಲ್ಲ, ಕೇಳಿದುದಕ್ಕೆ ಉತ್ತರ ಹೇಳುವ ಮನುಷ್ಯನಿದ್ದನು. ಮರೆಯ ಪತ್ರಗಳು ಮಾಡಿದ ಕೆಲಸವೂ ಇದೇ ಎಂಬುದನ್ನು ವಾಚಕರು ಗಮನಿಸಬಹುದು.

ಲೇಖನಾರಂಭದ ವಿಷಯದಲ್ಲಿ ನಿರ್ಬಂಧವು ಇನ್ನಷ್ಟು ಬಿಗಿಯಾಯಿತು. ೨೦೧೭ರಲ್ಲಿ ಪರೀಕ್ಷಾರ್ಥವಾಗಿ, ೨೦೧೮ರಿಂದ ಸ್ಥಿರವಾಗಿ, ಇಂಗ್ಲಿಷು ವಿಕಿಪೀಡಿಯದಲ್ಲಿ ಸದಸ್ಯನಾಗಿ ನಾಲ್ಕು ದಿನ ಕಳೆದು ಹತ್ತು ತಿದ್ದುಗಳನ್ನು ಮಾಡಿದವನು ಮಾತ್ರ ಲೇಖನವನ್ನು ನೇರವಾಗಿ ಪ್ರಕಟಿಸಬಹುದೆಂದಾಯಿತು. ಇತರರು ಕರಡನ್ನು ಬರೆದು ವಿಮರ್ಶೆಗೆ ಒಪ್ಪಿಸತಕ್ಕದ್ದು. ಇದೇ ಕಾಲದಲ್ಲಿ, ೨೦೧೮ರಿಂದ, ವಿಕಿಮೀಡಿಯ ಪ್ರತಿಷ್ಠಾನದವರು ಜೆಕ್, ಕೊರಿಯನ್ ಮೊದಲಾದ ಮಧ್ಯಮ ಗಾತ್ರದ ವಿಕಿಪೀಡಿಯಗಳಲ್ಲಿ ಹೊಸಬರಿಗಾಗಿ ಬೇರೊಂದು ಕ್ರಮವನ್ನು ಪ್ರಯೋಗಿಸಿದರು. ಸದಸ್ಯನಾದೊಡನೆ ಹೊಸಬನಿಗೆ ಒಂದು ಮುಖಪುಟವು ತೆರೆಯುತ್ತದೆ. ಮಾರ್ಗದರ್ಶಕನೊಬ್ಬನ ಹೆಸರು ಅದರಲ್ಲಿ ಇರುತ್ತದೆ. ಮಾಡತಕ್ಕ ಕೆಲಸಗಳು ಸುಲಭ, ಮಧ್ಯಮ, ಕಠಿನವೆಂದು ವಿಂಗಡವಾಗಿರುತ್ತವೆ. ಕೊಂಡಿ ಸೇರಿಸುವುದು, ಕಾಗುಣಿತ ತಿದ್ದುವುದು ಮೊದಲು. ಆಧಾರಗಳನ್ನು ಹುಡುಕಿ ಕೊಡುವುದು ಅನಂತರ. ಲೇಖನವನ್ನು ವಿಸ್ತರಿಸುವುದೂ ಹೊಸದಾಗಿ ಬರೆಯುವುದೂ ಕಡೆಗೆ. ಮುಂದೆ ಇದು ಇತರ ಭಾಷೆಗಳಿಗೂ ಹರಡಿತು. ವರ್ಣಮಾಲೆ, ಶಬ್ದರೂಪಾವಳಿ, ಅಮರ, ಆಮೇಲೆ ಕಾವ್ಯವೆಂಬ ಪಾಠಶಾಲೆಗಳ ಕ್ರಮವನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಆರೋಹಣಕ್ರಮವು ಇಲ್ಲದ ವಿದ್ಯೆಯು ಯಾವ ಕಾಲದಲ್ಲಿಯೂ ನಿಂತಿಲ್ಲ.

ವಿದ್ಯಾರ್ಥಿಗಳನ್ನು ಗುಂಪಾಗಿ ಕರೆತರುವ ಪ್ರಯತ್ನವು ಭರತಖಂಡದಲ್ಲಿ ೨೦೧೧ರಲ್ಲಿ ಪುಣೆಯಲ್ಲಿ ನಡೆಯಿತು. ಕಾಲೇಜುಗಳ ನೂರಾರು ವಿದ್ಯಾರ್ಥಿಗಳಿಗೆ ಇಂಗ್ಲಿಷು ವಿಕಿಪೀಡಿಯದಲ್ಲಿ ಬರೆಯುವುದನ್ನು ಪಾಠದ ಅಂಗವಾಗಿ ಒಪ್ಪಿಸಿದರು. ಕೃತಿಸ್ವಾಮ್ಯದ ಅರ್ಥವನ್ನೂ, ಓದಿ ತಿಳಿದುದನ್ನು ತನ್ನ ಮಾತಿನಲ್ಲಿ ಹೇಳುವ ಅಭ್ಯಾಸವನ್ನೂ ಮೊದಲು ಚೆನ್ನಾಗಿ ಕಲಿಸದೆ ಇದ್ದುದರಿಂದ ಅನೇಕರು ಪುಸ್ತಕಗಳಿಂದ ಇದ್ದುದಿದ್ದಂತೆ ನಕಲುಮಾಡಿದರು. ಅವುಗಳನ್ನು ಹುಡುಕಿ ತೆಗೆಯುವುದರಲ್ಲಿ ಹಳಬರ ಶ್ರಮವು ಅಪಾರವಾಗಿ ವ್ಯಯವಾಗಿ, ಆ ವರ್ಷವೇ ಕಾರ್ಯವು ನಿಂತಿತು. ಬಾಯಿಪಾಠವನ್ನು ಒಪ್ಪಿಸಿದವನಿಗೆ ಅಂಕಗಳನ್ನು ಕೊಡುವ ಶಾಲೆಗಳಿಂದ ಬಂದ ಹುಡುಗರನ್ನು ಮಾತ್ರವೇ ಇದಕ್ಕೆ ಹೊಣೆಮಾಡುವುದು ನ್ಯಾಯವಲ್ಲ.

೬

ಕನ್ನಡ ವಿಕಿಪೀಡಿಯವು ೨೦೦೩ನೆಯ ಜೂನ್ ತಿಂಗಳಲ್ಲಿ ಪ್ರಾರಂಭವಾಯಿತು. ಆಗ ಗಣಕಯಂತ್ರದಲ್ಲಿ ಕನ್ನಡವನ್ನು ಟೈಪು ಮಾಡುವುದೇ ಒಂದು ವಿದ್ಯೆಯಾಗಿದ್ದುದರಿಂದ, ಹೊಸಬನಿಗೆ ವಿಶ್ವಕೋಶದ ನಿಯಮಗಳಿಗಿಂತ ಮೊದಲು ಅಕ್ಷರಗಳನ್ನು ಮೂಡಿಸುವ ಉಪಾಯವನ್ನು ಹೇಳಿಕೊಡಬೇಕಾಗಿದ್ದಿತು. ಸದಸ್ಯರು ಸೇರಿ ಮಾತನಾಡುವ ಪುಟಕ್ಕೆ ಅರಳಿಕಟ್ಟೆಯೆಂದು ಹೆಸರಿಟ್ಟರು. ಮೊಳಕೆಯಂತಿರುವ ಸಣ್ಣ ಲೇಖನವನ್ನು ಚುಟುಕು ಎಂದರು. ಒಂದೆಡೆ ಕುಳಿತು ಕೂಡಿ ಬರೆಯುವ ದಿನವನ್ನು ಸಂಪಾದನೋತ್ಸವವೆಂದರು. ಈ ಹೆಸರುಗಳಲ್ಲಿ ಊರಿನ ಬಾಳಿನ ಪರಿಮಳವುಂಟು.

೨೦೦೯ರ ತರುವಾಯ ಎರಡು ವರ್ಷಗಳ ಕಾಲ, ಒಂದು ದೊಡ್ಡ ಕಂಪೆನಿಯವರು ಕೂಲಿ ಕೊಟ್ಟು ಭಾಷಾಂತರಕಾರರಿಂದ ಯಂತ್ರದ ನೆರವಿನೊಡನೆ ಇಂಗ್ಲಿಷು ಲೇಖನಗಳನ್ನು ಕನ್ನಡ, ತೆಲುಗು, ತಮಿಳು ಮೊದಲಾದ ಭಾಷೆಗಳಿಗೆ ತರಿಸಿದರು. ಲೇಖನಗಳು ಉದ್ದುದ್ದವಾಗಿ ಬಂದವು. ಅವುಗಳ ಭಾಷೆಯು ಮಾತ್ರ ಅನೇಕ ಕಡೆ ಕನ್ನಡಿಗನಿಗೆ ಅರ್ಥವಾಗದಂತಿದ್ದಿತು. ಕೂಲಿಯು ಮುಗಿದೊಡನೆ ಭಾಷಾಂತರಕಾರರೂ ಹೊರಟುಹೋದರು. ಗ್ರಂಥವು ಬೆಳೆದು ಗ್ರಂಥಕಾರರು ಬೆಳೆಯದಿದ್ದರೆ ಏನಾಗುವುದೆಂಬುದಕ್ಕೆ ಇದೊಂದು ನಿದರ್ಶನವು. ಇದಕ್ಕೆ ಪ್ರತಿಯಾಗಿ ೨೦೧೩ರಿಂದ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಕನ್ನಡವೇ ಮೊದಲಾದ ದೇಶಭಾಷೆಗಳ ವಿದ್ಯಾರ್ಥಿಗಳಿಗೆ ವಿಕಿಪೀಡಿಯದ ಅಭ್ಯಾಸವನ್ನು ಮಾಡಿಸಿದರು. ಮಂಗಳೂರಿನ ಕಡೆಯ ಕಾಲೇಜುಗಳಲ್ಲಿಯೂ ಇಂತಹ ಶಿಬಿರಗಳು ನಡೆದವು. ಇನ್‌ಕ್ಯುಬೇಟರ್ ಎಂಬ ಪ್ರಯೋಗಸ್ಥಾನದಲ್ಲಿ ಹಲವು ವರ್ಷ ಕಾವು ಪಡೆದ ತುಳು ವಿಕಿಪೀಡಿಯವು ೨೦೧೬ನೆಯ ಆಗಸ್ಟಿನಲ್ಲಿ ಸ್ವತಂತ್ರವಾಗಿ ಹೊರಬಂದುದು ಕರಾವಳಿಯ ಈ ಶ್ರಮದ ಫಲವು. ಒಬ್ಬ ಲೇಖಕನಂತೆಯೇ ಒಂದು ಭಾಷೆಯೂ ಅಲ್ಲಿ ಅಭ್ಯಾಸಮಾಡಿ ಅಧಿಕಾರವನ್ನು ಪಡೆಯಬೇಕಾಗಿದ್ದಿತು. ೨೦೧೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ತಮ್ಮ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಯಾರಾದರೂ ಮುಕ್ತವಾಗಿ ಉಪಯೋಗಿಸಬಹುದೆಂದು ಅನುಮತಿ ಕೊಟ್ಟುದು ಪಂಡಿತರ ವಿಶ್ವಕೋಶವು ಜನರ ವಿಶ್ವಕೋಶಕ್ಕೆ ನೀಡಿದ ದೊಡ್ಡ ಕೊಡುಗೆ.

ಇಷ್ಟಾದರೂ, ಇಂಗ್ಲಿಷು ವಿಕಿಪೀಡಿಯದ ಲೇಖನಗಳು ೨೦೨೫ರಲ್ಲಿ ಎಪ್ಪತ್ತು ಲಕ್ಷವನ್ನು ಮುಟ್ಟಿದರೆ ಕನ್ನಡದವು ಮೂವತ್ತು ಸಾವಿರವನ್ನು ದಾಟಿವೆ, ಅಷ್ಟೆ. ಈ ಅಂತರದಲ್ಲಿ ಅಡಗಿರುವ ಒಂದು ಸಂಗತಿಯನ್ನು ಮರೆಯಲಾಗದು. ಇಂಗ್ಲಿಷಿನಲ್ಲಿ ಮುನಿದುಹೋದ ಒಬ್ಬ ಹೊಸಬನ ಜಾಗಕ್ಕೆ ಮಾರನೆಯ ದಿನ ಇನ್ನೊಬ್ಬನು ಬಂದಾನು. ಕನ್ನಡದಲ್ಲಿ ತನ್ನ ಸೀಮೆಯ ಕೆರೆಗ��� ತೂಬುಗಳ ವಿಚಾರವನ್ನೋ, ಮಗ್ಗದ ಅಂಗಗಳ ಹೆಸರುಗಳನ್ನೋ, ಬಯಲಾಟದ ಮೇಳಗಳ ಚರಿತ್ರೆಯನ್ನೋ ಬಲ್ಲ ಒಬ್ಬನು ಬಂದು, ಮೊದಲ ದಿನವೇ ಬರಹವು ಅಳಿಸಿಹೋಗಿ, ಕಾರಣವನ್ನು ಹೇಳುವವರಿಲ್ಲದೆ ಹಿಂತಿರುಗಿದರೆ, ಆ ವಿಷಯವನ್ನು ಬರೆಯುವ ಎರಡನೆಯವನು ಬಾರದೆಯೇ ಇರಬಹುದು. ಬಲ್ಲವರಲ್ಲಿ ಅನೇಕರು ವೃದ್ಧರು. ಆದರೆ ಅವರು ಬಲ್ಲರೆಂಬ ಒಂದೇ ಕಾರಣದಿಂದ ಆಧಾರವಿಲ್ಲದ ಬರಹವನ್ನು ಉಳಿಸಿಕೊಳ್ಳುವುದೂ ಸಲ್ಲದು. ಹಾಗೆ ಮಾಡಿದರೆ ಸೀಗೆಂಥಾಲರನಿಗಾದ ಅನ್ಯಾಯವು ಕನ್ನಡದಲ್ಲಿಯೂ ಯಾರಿಗಾದರೂ ಆದೀತು. ಆದುದರಿಂದ ಅಳಿಸುವ ಕೈಯೇ ಎರಡು ಸಾಲನ್ನು ಬರೆಯಬೇಕು: ಇದು ಏಕೆ ನಿಲ್ಲದು, ಯಾವ ಶಾಸನಸಂಪುಟದಲ್ಲಿ, ಯಾವ ಗೆಜೆಟಿಯರಿನಲ್ಲಿ, ಯಾವ ಮುದ್ರಿತ ಗ್ರಂಥದಲ್ಲಿ ಇದಕ್ಕೆ ಆಧಾರವನ್ನು ಹುಡುಕಬಹುದು ಎಂದು. ಎಲ್ಲಿಯೂ ಅಚ್ಚಾಗದ ವಿಷಯವಾದರೆ, ಅದನ್ನು ಮೊದಲು ಒಂದು ಪತ್ರಿಕೆಗೆ ಬರೆಯಿರೆಂದು ದಾರಿತೋರಿಸಬೇಕು. ಜಿಲ್ಲೆಜಿಲ್ಲೆಯ ಸಾಹಿತ್ಯಸಂಘಗಳೂ ಅವುಗಳ ಪತ್ರಿಕೆಗಳೂ ಈ ಕಾರ್ಯದಲ್ಲಿ ನೆರವಾಗಬಲ್ಲವು. ಇಂದು ಪತ್ರಿಕೆಯಲ್ಲಿ ಅಚ್ಚಾದುದು ನಾಳೆ ವಿಶ್ವಕೋಶಕ್ಕೆ ಆಧಾರವಾಗುತ್ತದೆ.

ಮಿಲ್ ಹಿಲ್ಲಿನ ಉಪಾಧ್ಯಾಯನ ಬಳಿಗೆ ಬಂದ ಲಕ್ಷಾಂತರ ಚೀಟಿಗಳಲ್ಲಿ ಉಪಯೋಗಕ್ಕೆ ಬಾರದವು ಬಹಳವಿದ್ದವು. ಕಳುಹಿಸಿದವರಿಗೆ ಅವನು ಕ್ರಮವನ್ನು ಮತ್ತೆ ತಿಳಿಸಿ, ಇನ್ನೊಂದು ಪುಸ್ತಕವನ್ನು ಓದಲು ಕೇಳಿಕೊಂಡನು. ಕನ್ನಡದ ವಿಶ್ವಕೋಶವನ್ನು ಕಾಯುತ್ತಿರುವ ಕೆಲವೇ ಮಂದಿಗೆ ಬಿಡುವು ಅಲ್ಪ, ಭಾರವು ಅಧಿಕ. ಆದರೂ ಹೊಸದಾಗಿ ಬಂದವನ ಮೊದಲ ಪ್ರಶ್ನೆಗೆ ಅಂದೇ ಉತ್ತರ ಕೊಡುವುದನ್ನು ಅವರು ತಮ್ಮ ನಿತ್ಯಕರ್ಮಗಳಲ್ಲಿ ಒಂದಾಗಿ ಇಟ್ಟುಕೊಂಡರೆ, ಉಳಿದ ಭಾರವನ್ನು ಹೊರುವವರು ಆ ಪ್ರಶ್ನೆ ಕೇಳಿದವರಲ್ಲಿಯೇ ದೊರೆಯುವರು.